ಬೀಜ ಕೊಟ್ಟಂತೆ ಪಾಠ ಕೊಡಲಿ

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲ್ಲೂಕು ಬಿಳಿಜೋಳದ ಸೀಮೆ. ಎರೆಭೂಮಿ, ಹಿಂಗಾರಿ ಬಿತ್ತಿಗೆ, ಮಣ್ಣಲ್ಲಿ ಉಳಿದ ಹಸಿಯನ್ನೇ ನೆಚ್ಚಿ ಬೆಳೆಯುವ ಜೋಳ. ಸುಗ್ಗಿಯಲ್ಲಿ ರಾಶಿ ಮಾಡುವ ಮೊದಲೇ ಹಿರಿಯರು ಹೊಲದಲ್ಲಿ ಒಂದು ಸುತ್ತು ಹಾಕಿ, ಕಾಳು ತುಂಬಿದ ದುಂಡು ತೆನೆಗಳನ್ನು ಆರಿಸಿ ಬೇರೆ ಇಡುತ್ತಿದ್ದರು. ಅದು ಮರುವರ್ಷದ ಬೀಜ. ಒಣಗಿಸಿ, ಬಡಿದು, ಬೂದಿಯನ್ನೋ ಬೇವಿನೆಲೆಯನ್ನೋ ಬೆರೆಸಿ ಎತ್ತಿಡುವರು. ಬಿತ್ತಿಗೆಯ ಹೊತ್ತಿಗೆ ಪಕ್ಕದ ಹೊಲದವರು ಬೀಜ ಇಲ್ಲವೆಂದು ಬಂದರೆ ಸೇರಿನಲ್ಲಿ ಅಳೆದು ಕೊಡುವರು. ಆ ಬೀಜವನ್ನು ಅವರು ಎಲ್ಲಿ ಬಿತ್ತಿದರು, ಯಾರಿಗೆ ದಾಟಿಸಿದರು ಎಂದು ಕೇಳುವ ಪದ್ಧತಿ ಇರಲಿಲ್ಲ.

ಇದೇ ಸೊಲ್ಲಾಪುರ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರ 1930ರ ದಶಕದಲ್ಲಿ ರೈತರ ಮಾಲದಂಡಿ ಜೋಳದಿಂದಲೇ ಒಂದು ತಳಿಯನ್ನು ಆರಿಸಿ ತೆಗೆಯಿತು. ಎಂ 35-1 ಎಂಬುದು ಅದರ ಕಾಗದದ ಹೆಸರು, ಎಂ ಎಂದರೆ ಮಾಲದಂಡಿ. ಸರ್ಕಾರದ ಕೇಂದ್ರ ರೈತರಿಂದ ತೆಗೆದುಕೊಂಡದ್ದನ್ನು ಇನ್ನಷ್ಟು ಹಸನು ಮಾಡಿ ರೈತರಿಗೇ ಕೊಟ್ಟಿತು. ಅದು ಭೀಮಾ ನದಿ ದಾಟಿ ವಿಜಯಪುರ, ಬಾಗಲಕೋಟೆಯ ಎರೆಹೊಲಗಳಿಗೂ ಬಂತು. ಸುಮಾರು 90 ವರ್ಷ ಕಳೆದ ಮೇಲೂ ನಮ್ಮ ರೊಟ್ಟಿಯಲ್ಲಿ ಅದೇ ಜೋಳವಿದೆ. 1956ರಲ್ಲಿ ರಾಜ್ಯಗಳ ಗಡಿ ಬರೆದಾಗಲೂ ಆ ಬೀಜಕ್ಕೆ ಗಡಿ ಅಡ್ಡ ಬರಲಿಲ್ಲ.

ಶಾಲೆಯ ಪಾಠ ಹೀಗೆ ಕೈಯಿಂದ ಕೈಗೆ ದಾಟಬಲ್ಲುದೇ? ಕಲಿಕೆಯ ನಾಳೆಯ ಬಗ್ಗೆ ಮಾತಾಡುವಾಗ ಎಲ್ಲರೂ ಟ್ಯಾಬ್ಲೆಟ್, ಸ್ಮಾರ್ಟ್ ಬೋರ್ಡ್, ಕೃತಕ ಬುದ್ಧಿಮತ್ತೆ ಎನ್ನುತ್ತಾರೆ. ಗಡಿಯಲ್ಲಿ ನಿಂತು ನೋಡಿದರೆ ನನಗೆ ಅದಕ್ಕೂ ಮೊದಲು ಕಾಣುವುದು ಈ ಪ್ರಶ್ನೆ.

ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಸಾಂಗ್ಲಿ ಜಿಲ್ಲೆಯ ಜತ್ತದ ಕನ್ನಡ ಶಾಲೆಗಳ ಮಕ್ಕಳು ಓದುವುದು ಬಾಲಭಾರತಿಯ ಪುಸ್ತಕ. 1967ರ ಜನವರಿ 27ರಂದು ಪುಣೆಯಲ್ಲಿ ಹುಟ್ಟಿದ ಮಹಾರಾಷ್ಟ್ರದ ಈ ಪಠ್ಯಪುಸ್ತಕ ಮಂಡಳಿ ಮರಾಠಿಯ ಜೊತೆಗೆ ಹಿಂದಿ, ಇಂಗ್ಲಿಷ್, ಉರ್ದು, ಗುಜರಾತಿ, ಸಿಂಧಿ, ತೆಲುಗು, ಕನ್ನಡದಲ್ಲೂ ಪುಸ್ತಕ ತರುತ್ತದೆ. ಇದು ಸಣ್ಣ ಕೆಲಸವಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ರಾಜ್ಯಗಳನ್ನು ಮರುವಿಂಗಡಿಸಿದ 1956ರ ಏಳನೆಯ ತಿದ್ದುಪಡಿಯಲ್ಲೇ ಈ ವಿಧಿಯೂ ಸೇರಿತು. ಗಡಿ ಬರೆದವರಿಗೆ ಗಡಿಯಾಚೆ ಉಳಿಯುವ ಮಕ್ಕಳ ನೆನಪಿತ್ತು. ಬಾಲಭಾರತಿಯ ಕನ್ನಡ ಪುಸ್ತಕ ಆ ನೆನಪಿನ ಫಲ. ನಾಲ್ಕನೆಯ ತರಗತಿಯ ಅಕ್ಕಲಕೋಟೆಯ ಮಗು ಶಿವಾಜಿ ಮಹಾರಾಜರ ಚರಿತ್ರೆಯನ್ನು ಕನ್ನಡದಲ್ಲಿ, ಇಡೀ ಪುಸ್ತಕವಾಗಿ ಓದುತ್ತದೆ. ಭೀಮೆಯ ಈ ದಡದ ಇಂಡಿ ತಾಲ್ಲೂಕಿನ ಮಗುವಿಗೆ ಆ ಪುಸ್ತಕವಿಲ್ಲ, ಅದರ ಪಠ್ಯಕ್ರಮ ಬೇರೆ. ಹೀಗಾಗಿ ಕರ್ನಾಟಕದ ಪುಸ್ತಕ ತಂದು ಅಲ್ಲಿ ನೇರವಾಗಿ ಪಾಠ ಮಾಡಲಾಗದು. ಅಲ್ಲಿನ ಮಾಸ್ತರರಿಗೆ ಬೇಕಾದ ಹೆಚ್ಚುವರಿ ಸಾಮಗ್ರಿ ಬೆಂಗಳೂರಿನಲ್ಲೂ ಸಿದ್ಧವಿರುವುದಿಲ್ಲ. ಪುಣೆಯಲ್ಲಿ ಇದ್ದರೆ ಬಹುಪಾಲು ಮರಾಠಿಯಲ್ಲಿರುತ್ತದೆ.

ಆ ಪುಸ್ತಕವನ್ನು ಕೈಗೆತ್ತಿಕೊಂಡು ಮೊದಲ ಹಾಳೆ ನೋಡಿ. ಅಲ್ಲೊಂದು ಕ್ಯೂಆರ್ ಕೋಡ್ ಇದೆ, ಕಪ್ಪು ಬಿಳುಪು ಚೌಕಗಳ ಪುಟ್ಟ ರಂಗೋಲಿ. ಕೆಳಗೆ ಆರು ಅಕ್ಷರ ಅಂಕಿಗಳ ಒಂದು ಗುರುತು. ಕ್ಯಾಮರಾ ಸರಿಯಿಲ್ಲದ ಫೋನಿನಲ್ಲಿ ಆ ಆರನ್ನು ಒತ್ತಿದರೂ ಸಾಕು, ‘ದೀಕ್ಷಾ’ ಆ್ಯಪ್ ಅದೇ ಪಾಠಕ್ಕೆ ಕರೆದೊಯ್ಯುತ್ತದೆ. ಕೋಡಿನೊಳಗೆ ಪಾಠ ತುಂಬಿದೆ ಎಂದು ಹಲವರು ತಿಳಿದಿದ್ದಾರೆ. ಅದರಲ್ಲಿ ಇರುವುದು ವಿಳಾಸ ಮಾತ್ರ. ಆ ವಿಳಾಸದಲ್ಲಿ ವಿಡಿಯೊ ಇಡಬಹುದು, ಹಾಡಿದ ಪದ್ಯ ಇಡಬಹುದು, ಅಭ್ಯಾಸದ ಪ್ರಶ್ನೆ ಇಡಬಹುದು. ಪುಸ್ತಕ ಅಚ್ಚಾಗಿ ಎರಡು ವರ್ಷವಾದ ಮೇಲೆ ಹೊಸ ಪಾಠವನ್ನೂ ಸೇರಿಸಬಹುದು. ಖಾಲಿಯೂ ಬಿಡಬಹುದು. ಅಚ್ಚಾದ ಕಾಗದಕ್ಕೆ ಇಂಥ ಬೆಳೆಯುವ ಗುಣ ಹಿಂದೆ ಇರಲಿಲ್ಲ.

ಈಗ ಹಾಳೆ ಮಗುಚಿ. ಪುಸ್ತಕದ ಎಲ್ಲ ಹಕ್ಕುಗಳೂ ಮಂಡಳಿಯವು, ಸಂಚಾಲಕರ ಲಿಖಿತ ಅನುಮತಿ ಇಲ್ಲದೆ ಯಾವ ಭಾಗವನ್ನೂ ಬಳಸಿಕೊಳ್ಳಲಾಗದು ಎಂಬರ್ಥದ ಸಾಲುಗಳು ಅಲ್ಲಿವೆ. ಮುಂದಿನ ಮಗ್ಗುಲು ಬಾಗಿಲು ತೆರೆದು ಕರೆಯುತ್ತದೆ, ಹಿಂದಿನ ಮಗ್ಗುಲು ಅಗುಳಿ ಹಾಕುತ್ತದೆ. ನಾನು ಹೇಳಬೇಕೆಂದಿರುವುದೆಲ್ಲ ಈ ಒಂದು ಹಾಳೆಯ ಎರಡು ಮಗ್ಗುಲುಗಳಲ್ಲಿದೆ.

ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಬಂದ ಕಥೆಗೂ ಸೊಲ್ಲಾಪುರ ಜಿಲ್ಲೆಗೂ ನಂಟಿದೆ. ಮಾಢಾ ತಾಲ್ಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಗೆ 2009ರಲ್ಲಿ ಬಂದವರು ರಣಜಿತ್‌ಸಿಂಹ ಡಿಸಲೆ. ದನದ ಕೊಟ್ಟಿಗೆಗೂ ಉಗ್ರಾಣಕ್ಕೂ ನಡುವೆ ಸಿಕ್ಕಿಕೊಂಡ ಹಾಳು ಕಟ್ಟಡದಲ್ಲಿ ಅವರ ಶಾಲೆ ಇತ್ತು. ಹಲವು ಮಕ್ಕಳ ಮನೆಮಾತು ಕನ್ನಡ, ಪುಸ್ತಕದ ಭಾಷೆ ಅದಲ್ಲ; ಮೇಷ್ಟರು ಮಕ್ಕಳ ಭಾಷೆ ಕಲಿತು, ಪಾಠಗಳನ್ನು ಅದಕ್ಕೆ ತಂದು, ಪದ್ಯ, ಕಥೆ, ವಿಡಿಯೊಗಳಿಗೆ ಕರೆದೊಯ್ಯುವ ಕೋಡುಗಳನ್ನು ಪುಸ್ತಕಕ್ಕೆ ಅಂಟಿಸಿದರು ಎಂದು ಗ್ಲೋಬಲ್ ಟೀಚರ್ ಪ್ರೈಜ್ ಕೊಟ್ಟವರ ವಿವರಣೆ ಹೇಳುತ್ತದೆ. 2017ರಲ್ಲಿ ಮಹಾರಾಷ್ಟ್ರ ಇಡೀ ರಾಜ್ಯದ ಪುಸ್ತಕಗಳಿಗೆ ಕೋಡ್ ತರುವುದಾಗಿ ಸಾರಿತು. ಮರುವರ್ಷ ಎನ್‌ಸಿಇಆರ್‌ಟಿ ಪುಸ್ತಕಗಳ ಬಗ್ಗೆಯೂ ಅದೇ ಘೋಷಣೆಯಾಯಿತು. 2020ರ ಡಿಸೆಂಬರ್ 3ರಂದು 10 ಲಕ್ಷ ಡಾಲರಿನ ಆ ಪ್ರಶಸ್ತಿ ಡಿಸಲೆ ಅವರಿಗೆ ಬಂತು. 140ಕ್ಕೂ ಹೆಚ್ಚು ದೇಶಗಳ 12,000ಕ್ಕೂ ಮಿಕ್ಕಿದ ಹೆಸರುಗಳಲ್ಲಿ ಆರಿಸಿದ್ದರು. ಹಣದ ಅರ್ಧವನ್ನು ಅವರು ಕೊನೆಯ ಸುತ್ತಿನಲ್ಲಿದ್ದ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು.

ಪ್ರಶಸ್ತಿಯ ಸುದ್ದಿಯಲ್ಲಿ ಎಲ್ಲರೂ ಕೋಡನ್ನು ಹೊಗಳಿದರು. ನನ್ನ ಮನಸ್ಸು ನಿಂತದ್ದು ಅದಕ್ಕೂ ಮುಂಚಿನ ಕೆಲಸದ ಮೇಲೆ. ಆ ವಿವರಣೆಯಲ್ಲಿ ಮೇಷ್ಟರು ಮೊದಲು ಮಾಡಿದ್ದು ಪುಸ್ತಕವನ್ನು ಮಗುವಿನ ಮಾತಿಗೆ ತರುವುದು. ಕೋಡ್ ಬಂದದ್ದು ಆಮೇಲೆ. ಅನುವಾದಿಸುವ, ತಿದ್ದುವ, ಸೇರಿಸುವ ಈ ಕೆಲಸವನ್ನೇ ಹಕ್ಕುಗಳ ಸಾಲು ತಡೆಯುತ್ತದೆ. ಒಬ್ಬ ಮಾಸ್ತರ ತನ್ನ ತರಗತಿಯ ನಾಲ್ಕು ಗೋಡೆಗಳೊಳಗೆ ಮಾಡಿಕೊಂಡರೆ ಯಾರೂ ಕೇಳಲಿಕ್ಕಿಲ್ಲ. ಅದನ್ನೇ ಹತ್ತು ಶಾಲೆಗೆ ಹಂಚಲು ಹೊರಟರೆ ಆ ಸಾಲು ಎದುರಿಗೆ ನಿಲ್ಲುತ್ತದೆ.

ಈ ತೊಡಕನ್ನು ಬಿಡಿಸುವ ದಾರಿ ಜಗತ್ತಿನಲ್ಲಿ ಇಪ್ಪತ್ತು ವರ್ಷದ ಹಿಂದೆಯೇ ಮೂಡಿತು. ಅಮೆರಿಕದ ಎಂಐಟಿ ತನ್ನ ಪಾಠಗಳನ್ನೆಲ್ಲ ಇಂಟರ್‌ನೆಟ್‌ನಲ್ಲಿ ಬಿಟ್ಟಿಯಾಗಿ ಇಡುವುದಾಗಿ 2001ರಲ್ಲಿ ಹೇಳಿತು. ‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಹೆಸರು 2002ರ ಯುನೆಸ್ಕೊ ಸಭೆಯಲ್ಲಿ ಹುಟ್ಟಿತು. ಅದೇ ವರ್ಷ ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು ಬಂದವು: ಬರೆದವರ ಹೆಸರು ಹೇಳಿ, ಬೇಕಾದಂತೆ ಬಳಸಿ ಎಂದು ಮೊದಲೇ ಬರೆದುಕೊಡುವ ಪತ್ರ ಅದು. ಪಾಠ ಮುಕ್ತವೆಂದರೆ ಅದನ್ನು ಇಟ್ಟುಕೊಳ್ಳಬಹುದು, ಬಳಸಬಹುದು, ತಿದ್ದಬಹುದು, ಬೇರೆಯದರೊಡನೆ ಬೆರೆಸಬಹುದು, ಹಂಚಬಹುದು. ಜೋಳದ ಬೀಜಕ್ಕೂ ಈ ಐದು ಮಾತು ಒಪ್ಪುತ್ತವೆ. ರೈತನಿಗೆ ಬೀಜ ಉಳಿಸುವ, ಬಿತ್ತುವ, ಹಂಚುವ ಹಕ್ಕನ್ನು ನಮ್ಮ ದೇಶ 2001ರ ಕಾಯ್ದೆಯಲ್ಲಿ ಬರೆದುಕೊಟ್ಟಿದೆ. ಮೇಷ್ಟರಿಗೆ ಅಷ್ಟು ಸ್ಪಷ್ಟವಾಗಿ ಬರೆದುಕೊಟ್ಟಿಲ್ಲ.

ಪೂರ್ತಿ ಇಲ್ಲವೆಂದರೂ ತಪ್ಪಾಗುತ್ತದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು, ಪಾಠ ಮಾಡುವಾಗ ಶಿಕ್ಷಕರೂ ವಿದ್ಯಾರ್ಥಿಗಳೂ ನಕಲು ತೆಗೆದುಕೊಂಡರೆ ಅದು ಉಲ್ಲಂಘನೆಯಲ್ಲ ಎನ್ನುತ್ತದೆ. ದೆಹಲಿ ವಿಶ್ವವಿದ್ಯಾಲಯದ ಆವರಣದ ಒಂದು ಜೆರಾಕ್ಸ್ ಅಂಗಡಿಯ ಮೇಲೆ ದೊಡ್ಡ ವಿದೇಶಿ ಪ್ರಕಾಶಕರು 2012ರಲ್ಲಿ ದಾವೆ ಹೂಡಿದ್ದರು. 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಇದೇ ಕಲಮನ್ನು ಹಿಡಿದು ವಿದ್ಯಾರ್ಥಿಗಳ ಪರ ನಿಂತಿತು. ಬಡ ಮಕ್ಕಳ ಪಾಲಿಗೆ ಅದು ದೊಡ್ಡ ತೀರ್ಪು. ಆದರೆ ತರಗತಿಗಾಗಿ ಹಾಳೆ ಜೆರಾಕ್ಸ್ ಮಾಡಿಸುವುದು ಒಂದು, ಪಾಠವನ್ನು ಊರಿನ ಮಾತಿಗೆ ತಿರುಗಿಸಿ, ಅಚ್ಚು ಹಾಕಿ, ಪಕ್ಕದ ತಾಲ್ಲೂಕಿಗೆ ಕಳಿಸುವುದು ಇನ್ನೊಂದು. ಎರಡನೆಯದಕ್ಕೆ ಪರವಾನಗಿ ಬೇಕು.

ಅಂಥ ಪರವಾನಗಿ ಇಟ್ಟುಕೊಂಡ ಕನ್ನಡದ ಕೆಲಸಗಳೂ ಇವೆ, ಗಡಿಯ ಶಿಕ್ಷಕರು ಇಂದೇ ಅವನ್ನು ಬಳಸಬಹುದು. 2013ರಲ್ಲಿ ಶುರುವಾದ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ತಾಣದಲ್ಲಿ ಸರ್ಕಾರಿ ಪ್ರೌಢಶಾಲೆಗಳ ಶಿಕ್ಷಕರೇ ಗಣಿತ, ವಿಜ್ಞಾನ, ಸಮಾಜದ ಪಾಠಗಳಿಗೆ ಸಾಮಗ್ರಿ ಬರೆದರು. ಕರ್ನಾಟಕದ ಶಿಕ್ಷಣ ಇಲಾಖೆಯೂ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯೂ ಕೂಡಿ ಇದನ್ನು ಕಟ್ಟಿದವು. ಪ್ರಥಮ್ ಬುಕ್ಸ್‌ನ ‘ಸ್ಟೋರಿವೀವರ್’ನಲ್ಲಿ ಒಂದೇ ಮಕ್ಕಳ ಕಥೆ ಮರಾಠಿಯಲ್ಲೂ ಕನ್ನಡದಲ್ಲೂ ಸಿಗುತ್ತದೆ, ಸಿಗದಿದ್ದರೆ ನೀವೇ ಕೂತು ಅನುವಾದಿಸಿ ಅಲ್ಲೇ ಸೇರಿಸಬಹುದು. ಅನುಮತಿಯ ಪತ್ರ ಬೇಡ. ದೀಕ್ಷಾದಲ್ಲಿ ಒಮ್ಮೆ ಇಳಿಸಿಕೊಂಡ ಪಾಠವನ್ನು ಇಂಟರ್‌ನೆಟ್ ಇಲ್ಲದ ವಾಡಿಯಲ್ಲೂ ಒಂದು ಫೋನಿನಿಂದ ಇನ್ನೊಂದಕ್ಕೆ ದಾಟಿಸಬಹುದು.

ಇನ್ನು ಸೊಲ್ಲಾಪುರದ್ದೇ ಆದ ಆಸ್ತಿ. ಸೊನ್ನಲಿಗೆ ಎಂದರೆ ಇದೇ ಸೊಲ್ಲಾಪುರ, ಸಿದ್ಧರಾಮನ ಊರು. ಹನ್ನೆರಡನೆಯ ಶತಮಾನದ ವಚನಗಳಿಗೆ ಯಾರ ಹಕ್ಕೂ ಇಲ್ಲ, ಅವು ಎಲ್ಲರವು. ಅವನ್ನು ನಮಗೆ ಉಳಿಸಿಕೊಟ್ಟ ಫ.ಗು. ಹಳಕಟ್ಟಿಯವರು ವಿಜಯಪುರದ ವಕೀಲರು. ಊರೂರು ತಿರುಗಿ ತಾಳೆಗರಿ ಕೂಡಿಸಿ, 1923ರಲ್ಲಿ ‘ವಚನಶಾಸ್ತ್ರ ಸಾರ’ ಹೊರತಂದರು. ಆಮೇಲೆ ತಮ್ಮದೇ ಮುದ್ರಣಾಲಯ ಹಾಕಿ, ಮನೆ ಮಾರಿ ಅದನ್ನು ನಡೆಸಿದರು. ಅವರು ತೀರಿಕೊಂಡದ್ದು 1964ರಲ್ಲಿ. ನಮ್ಮ ಕಾನೂನಿನಂತೆ ಲೇಖಕರ ಮರಣದ ನಂತರ 60 ವರ್ಷ ಹಕ್ಕು ಇರುತ್ತದೆ, ಹಾಗಾಗಿ 2025ರ ಜನವರಿ 1ರಿಂದ ಹಳಕಟ್ಟಿಯವರ ಬರಹಗಳೂ ಸಾರ್ವಜನಿಕರ ಸ್ವತ್ತು. ‘ವಚನ ಸಂಚಯ’ ಎಂಬ ತಾಣದಲ್ಲಿ ಕನ್ನಡದ ಉತ್ಸಾಹಿಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಪದವಾಗಿ ಹುಡುಕಲು ಬರುವಂತೆ ಇಟ್ಟಿದ್ದಾರೆ. ಅಕ್ಕಲಕೋಟೆಯ ಹುಡುಗಿ ‘ಕೆರೆ’ ಎಂದು ಬರೆದು, ಯಾವ ಶರಣರು ಯಾವ ವಚನದಲ್ಲಿ ಆ ಮಾತು ಆಡಿದ್ದಾರೆಂದು ತಾನೇ ನೋಡಬಹುದು. ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ 1944ರಿಂದ 1956ರವರೆಗೆ ಕನ್ನಡ ಕಲಿಸಿದ ಬೇಂದ್ರೆಯವರ ಕವಿತೆಗಳಿಗೆ ಮಾತ್ರ 2041ರ ಕೊನೆಯವರೆಗೆ ಕಾಯಬೇಕು, ಹಕ್ಕುದಾರರು ಮನಸ್ಸು ಮಾಡಿದರೆ ಅಷ್ಟು ಕಾಯಬೇಕಿಲ್ಲ.

‘ಹುಡುಕಲು ಬರುವಂತೆ’ ಎಂದು ಒತ್ತಿ ಹೇಳಲು ಕಾರಣವಿದೆ. ಬಿಟ್ಟಿಯಾಗಿ ಸಿಗುವ ಕನ್ನಡ ಪುಸ್ತಕವೆಲ್ಲ ಮುಕ್ತವಲ್ಲ. ಒಮ್ಮೆ ಗಡಿಭಾಗದ ಶಿಕ್ಷಕರೊಬ್ಬರಿಗೆ ನೆರವಾಗಲೆಂದು ಒಂದು ಕನ್ನಡ ಪಿಡಿಎಫ್ ತೆರೆದೆ. ಓದಲು ಚೆಂದವಿತ್ತು. ಪಾಠದ ಎರಡು ಸಾಲು ನಕಲಿಸಿ ಪ್ರಶ್ನೆಪತ್ರಿಕೆಗೆ ಅಂಟಿಸಿದರೆ ಬಂದದ್ದು ರೋಮನ್ ಅಕ್ಷರ, ಪೌಂಡಿನ ಗುರುತು, ಅಕ್ಷರದ ತಲೆಮೇಲೆ ಚುಕ್ಕಿ ಗೆರೆಗಳ ರಾಶಿ. ಹಳೆಯ ಕಾಲದ ಫಾಂಟ್‌ಗಳ ಕೊಡುಗೆ ಇದು. ಆ ಪದ್ಧತಿಯಲ್ಲಿ ಕಂಪ್ಯೂಟರ್ ತನ್ನೊಳಗೆ ಬರೆದುಕೊಂಡಿರುವುದು ರೋಮನ್ ಅಕ್ಷರಗಳನ್ನೇ, ಫಾಂಟ್ ಅವಕ್ಕೆ ಕನ್ನಡದ ಮುಖ ತೊಡಿಸಿ ತೋರಿಸುತ್ತದೆ. ಕಣ್ಣಿಗೆ ‘ಮಳೆ’ ಕಂಡರೂ ಯಂತ್ರಕ್ಕೆ ಅಲ್ಲಿ ಕನ್ನಡವೇ ಇಲ್ಲ. ಹುಡುಕಿದರೆ ಸಿಗದು. ಅನುವಾದದ ತಂತ್ರಾಂಶಕ್ಕೆ ಕೊಟ್ಟರೆ ತಿಳಿಯದು. ಕಣ್ಣು ಕಾಣದ ಮಗುವಿಗೆ ಓದಿ ಹೇಳಲು ಎನ್‌ವಿಡಿಎ ಎಂಬ ಮುಕ್ತ ತಂತ್ರಾಂಶವಿದೆ, ಅದಕ್ಕೆ ಕನ್ನಡ ಬರುತ್ತದೆ. ಈ ಪುಟ ಕೊಟ್ಟರೆ ಅದು ಅರ್ಥವಿಲ್ಲದ ಸದ್ದು ಮಾಡುತ್ತದೆ. ಅದೇ ಪುಸ್ತಕ, ಕನ್ನಡವನ್ನು ಕನ್ನಡವಾಗಿಯೇ ಬರೆದುಕೊಳ್ಳುವ ಯೂನಿಕೋಡಿನಲ್ಲಿ ಇದ್ದಿದ್ದರೆ ಈ ಯಾವ ತೊಂದರೆಯೂ ಇರುತ್ತಿರಲಿಲ್ಲ. ಆ ಮಾಸ್ತರರು ಅಂದು ರಾತ್ರಿ ಕೂತು ಮೂರು ಪುಟವನ್ನು ಕೈಯಾರೆ ಮತ್ತೆ ಟೈಪ್ ಮಾಡಿದರು.

ಈ ಮಾತು ಇಂದು ಇನ್ನಷ್ಟು ತುರ್ತಿನದು. 2022ರಲ್ಲಿ ಕೇಂದ್ರ ಸರ್ಕಾರ ಭಾರತೀಯ ಭಾಷೆಗಳ ನಡುವೆ ಅನುವಾದ ಮಾಡುವ ‘ಭಾಷಿಣಿ’ ತಂದಿತು. ಮರುವರ್ಷ ಮದ್ರಾಸ್ ಐಐಟಿಯ ‘ಎಐ4ಭಾರತ್’ ತಂಡ ಸಂವಿಧಾನದ 22 ಭಾಷೆಗಳ ನಡುವೆ ಅನುವಾದ ಮಾಡುವ ತಂತ್ರಾಂಶವನ್ನು ಯಾರು ಬೇಕಾದರೂ ಬಳಸುವಂತೆ ಬಿಡುಗಡೆ ಮಾಡಿತು. ಇಂಥ ಯಂತ್ರಗಳು ಕಲಿಯುವುದು ಜೋಡಿ ವಾಕ್ಯಗಳಿಂದ: ಒಂದೇ ಮಾತು ಎರಡು ಭಾಷೆಯಲ್ಲಿ, ಎದುರುಬದುರು. ಮರಾಠಿ ಮತ್ತು ಕನ್ನಡದ ನಡುವೆ ಅಂಥ ಜೋಡಿ ಎಲ್ಲಿ ಹೇರಳವಾಗಿದೆ ಎಂದು ಯೋಚಿಸುತ್ತ ಹೋದರೆ ಮತ್ತೆ ಬಾಲಭಾರತಿಗೇ ಬಂದು ನಿಲ್ಲುತ್ತೇವೆ. ಒಂದೇ ಪರಿಸರ ಅಧ್ಯಯನ, ಒಂದೇ ಗಣಿತ, ಒಂದೇ ವಿಜ್ಞಾನ, ಪಾಠಕ್ಕೆ ಪಾಠ, ಚಿತ್ರಕ್ಕೆ ಚಿತ್ರ ಹೊಂದುವಂತೆ ಎರಡೂ ಭಾಷೆಯಲ್ಲಿ ಆ ಮಂಡಳಿ ದಶಕಗಳಿಂದ ಅಚ್ಚು ಹಾಕುತ್ತ ಬಂದಿದೆ. ಎರಡೂ ಭಾಷೆ ಬಲ್ಲ ಶಿಕ್ಷಕರು ಕೂತು ತಿದ್ದಿದ ಅನುವಾದ ಅದು. ಭಿನ್ನರಾಶಿಗೆ, ದ್ಯುತಿಸಂಶ್ಲೇಷಣೆಗೆ, ಗ್ರಾಮಸಭೆಗೆ ಎರಡೂ ಭಾಷೆಯಲ್ಲಿ ಸರಿಯಾದ ಮಾತು ಯಾವುದು ಎಂಬುದು ಅಲ್ಲಿ ತೀರ್ಮಾನವಾಗಿದೆ. ಇಂಥ ಭಂಡಾರ ಹೊಸದಾಗಿ ಕಟ್ಟಲು ಹೊರಟರೆ ವರ್ಷಗಳೂ ಕೋಟಿಗಳೂ ಬೇಕು. ಕಟ್ಟಿ ಇಟ್ಟದ್ದು ಹಕ್ಕುಗಳ ಸಾಲಿನ ಹಿಂದೆ ಕೂತಿದೆ.

ಅದು ಹೊರಬಂದರೆ ಆಗುವುದೇನು? ಮರಾಠಿಯಲ್ಲಿ ಈಗಾಗಲೇ ರಾಶಿ ರಾಶಿ ಇರುವ ಪಾಠದ ವಿಡಿಯೊ, ಅಭ್ಯಾಸದ ಹಾಳೆಗಳನ್ನು ಯಂತ್ರ ಮೊದಲ ಕರಡಾಗಿ ಕನ್ನಡಕ್ಕೆ ತರಬಲ್ಲದು. ಅಕ್ಕಲಕೋಟೆಯ ಮಾಸ್ತರರು ಅದನ್ನು ತಮ್ಮ ಮಕ್ಕಳ ಮಾತಿಗೆ ತಿದ್ದಿಕೊಳ್ಳಬಹುದು. ‘ಶಾಲೆ’ ಇದ್ದಲ್ಲಿ ‘ಸಾಲಿ’ ಎಂದರೆ ಒಂದನೆಯ ತರಗತಿಯ ಮಗುವಿನ ಮುಖ ಅರಳುತ್ತದೆ. 2020ರ ಮಹಾರಾಷ್ಟ್ರದ ಕಾನೂನಿನಂತೆ ಎಲ್ಲ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಕನ್ನಡದ ಮಗು ಮರಾಠಿ ಕಲಿಯುವುದರಲ್ಲಿ ನಷ್ಟವೇನೂ ಇಲ್ಲ, ಅದು ಆ ಮಗುವಿನ ನೆಲದ ಭಾಷೆ. ಎಡಕ್ಕೆ ಕನ್ನಡ, ಬಲಕ್ಕೆ ಮರಾಠಿ ಇರುವ ಪುಟ ಕೈಗೆ ಸಿಕ್ಕರೆ ಆ ಕಲಿಕೆ ಎಷ್ಟು ಸಲೀಸು! ದ್ವಿಭಾಷಾ ಪುಸ್ತಕಗಳು ಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಹೇಳಿದೆ.

ತಂತ್ರಜ್ಞಾನ ಎಂದಾಗ ಯಂತ್ರವನ್ನೇ ನೆನೆಯಬೇಕಿಲ್ಲ ಎಂಬುದಕ್ಕೂ ಸೊಲ್ಲಾಪುರದಲ್ಲೇ ಸಾಕ್ಷಿಯಿದೆ. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ನೀಲಂನಗರದ ಶಿಕ್ಷಕರು ಓಣಿಯ ಮನೆಗಳ ನೂರಾರು ಗೋಡೆಗಳ ಮೇಲೆ ಪಾಠ ಬರೆಸಿದರು. ಆ ಬಡಾವಣೆಯ ಬಹಳ ಮಕ್ಕಳ ಪಾಲಕರು ಜವಳಿ ಕೆಲಸಗಾರರು, ಮಗುವಿಗೊಂದು ಸ್ಮಾರ್ಟ್‌ಫೋನ್ ಕೊಡಿಸುವ ಶಕ್ತಿ ಅವರಿಗಿರಲಿಲ್ಲ. ಮಗ್ಗಿ, ಅಕ್ಷರಮಾಲೆ, ವಿಜ್ಞಾನದ ಚಿತ್ರ ಗೋಡೆಗೆ ಬಂದವು. ಮಕ್ಕಳು ದೂರ ದೂರ ನಿಂತು ಓದಿದರು. ಆ ಗೋಡೆಗೆ ಪಾಸ್‌ವರ್ಡ್ ಇಲ್ಲ, ಓದಿದ ಮಗುವಿನ ಹೆಸರನ್ನೂ ಅದು ಬರೆದುಕೊಳ್ಳುವುದಿಲ್ಲ.

ಎರಡನೆಯ ಮಾತನ್ನು ಸುಮ್ಮನೆ ಹೇಳಲಿಲ್ಲ. 2023ರ ಜನವರಿಯಲ್ಲಿ, ದೀಕ್ಷಾದ ಶಿಕ್ಷಕರ ಮತ್ತು ವಿದ್ಯಾರ್ಥಿಗಳ ವಿವರಗಳು ಭದ್ರತೆಯಿಲ್ಲದ ಸರ್ವರ್‌ನಲ್ಲಿ ವರ್ಷಕ್ಕೂ ಹೆಚ್ಚು ಕಾಲ ತೆರೆದು ಬಿದ್ದಿದ್ದವೆಂದು ಬಯಲಾಯಿತು. ತೆರೆದಿರಬೇಕಾದ್ದು ಪಾಠ. ಮಗುವಿನ ಹೆಸರು, ಊರು, ಅಂಕಗಳು ಮುಚ್ಚಿಯೇ ಇರಬೇಕು. ಇದರಲ್ಲಿ ರಾಜಿಗೆ ಜಾಗವಿಲ್ಲ.

ಪುಣೆಯಿಂದ ಕೇಳಬೇಕಾದ್ದು ಹೆಚ್ಚೇನಲ್ಲ. ಕನ್ನಡ ಪುಸ್ತಕಗಳ ಯೂನಿಕೋಡ್ ಪ್ರತಿ, ಅದರ ಮರಾಠಿ ಜೋಡಿ, ಹೆಸರು ಹೇಳಿ ಬಳಸಿಕೊಳ್ಳಿ ಎಂಬ ಒಂದು ಮುಕ್ತ ಪರವಾನಗಿ. ಇದಕ್ಕೆ ವಿಧಾನಸಭೆಯಲ್ಲಿ ಕಾನೂನು ಬದಲಿಸುವ ಅಗತ್ಯ ಕಾಣದು. ಹಾಳೆಯ ಹಿಂದಿನ ಮಗ್ಗುಲಲ್ಲಿರುವ ಸಾಲೇ ದಾರಿ ತೋರಿಸಿದೆ: ಸಂಚಾಲಕರ ಲಿಖಿತ ಅನುಮತಿ ಬೇಕು. ಹಾಗಾದರೆ ಆ ಅನುಮತಿಯನ್ನು ಎಲ್ಲ ಶಿಕ್ಷಕರಿಗೂ ಒಮ್ಮೆಗೇ ಬರೆದುಕೊಡಲಿ. ಅಕ್ಕಲಕೋಟೆ, ಸೊಲ್ಲಾಪುರ, ಜತ್ತದ ಕನ್ನಡ ಶಾಲೆಗಳ ಮಾಸ್ತರರು, ಪಾಲಕರು, ಸಂಘಗಳವರು ಕೂಡಿ ಒಂದು ಅರ್ಜಿ ಬರೆಯಿರಿ. ಮರಾಠಿಯಲ್ಲೇ ಬರೆಯಿರಿ, ಕೆಳಗೆ ಕನ್ನಡದಲ್ಲಿ ಸಹಿ ಹಾಕಿ. ಮುಂದಿನ ಹಿಂಗಾರಿ ಬಿತ್ತಿಗೆಯ ಒಳಗೆ ಅದು ಪುಣೆ ಮುಟ್ಟಲಿ.